ಇಡೋದೊಂದು, ಬಳಸೋದೊಂದು

ಮಧ್ಯಾಹ್ನ ಮೂರು ಗಂಟೆ. ಮುಂದಿನ ಕೋಣೆಯ ಸೋಫಾಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಕವರ್ ಚರಚರ ಸದ್ದು ಮಾಡಿತು... ಬಳಲಿ ಬಂದವರು ಯಾರೋ ಮೈಚೆಲ್ಲಿ ಕೂತಂತೆ! ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದ ಅಮ್ಮನ ಕೈ ಹಾಗೆಯೇ ನಿಂತಿತು.

“ಕೇಳಿಸ್ತೇನೇ?”

ಎದುರಿಗಿದ್ದವಳು ಮಗಳು. ಆಸ್ಪತ್ರೆಯಲ್ಲಿ ನರ್ಸು. ಒಂಟಿಯಾಗಿರುವ ಅಮ್ಮನನ್ನು ತನ್ನ ಮನೆಗೆ ಕರೆದೊಯ್ಯಲೆಂದೇ ರಜೆ ಹಾಕಿ ಬಂದಿದ್ದಳು.

“ಗಾಳಿ ಅಮ್ಮಾ.”

“ಯಾವ ಗಾಳಿ? ಧೂಳು ಬರುತ್ತೆ ಅಂತ ಆ ಕಿಟಕಿಗೆ ನಾನೇ ಮೊಳೆ ಹೊಡೆಸಿದ್ದೀನಿ!”

ಆ ಮನೆಯಲ್ಲಿ ಪ್ರತಿ ವಸ್ತುವೂ ಜೋಡಿ. ಇಡೋದೊಂದು, ಬಳಸೋದೊಂದು. ಹೂಬಳ್ಳಿಯ ಗಾಜಿನ ಲೋಟ ಇಡೋದು, ನೆಗ್ಗಿದ ಸ್ಟೀಲ್ ಲೋಟ ಬಳಸೋದು. ಮಖಮಲ್ಲಿನ ಸೋಫಾ ಇಡೋದು, ಹರಿದ ಚಾಪೆ ಬಳಸೋದು. ಅಜ್ಜಿಯರ ಕಥೆಯ ರಾಕ್ಷಸಿ ತನ್ನ ಪ್ರಾಣವನ್ನು ಗಿಳಿಯೊಳಗೆ ಬಚ್ಚಿಡುತ್ತಾಳಲ್ಲ, ಹಾಗೆ ಅಮ್ಮ ತನ್ನದನ್ನು ಮುಂದಿನ ಕೋಣೆಯಲ್ಲಿ ಬಚ್ಚಿಟ್ಟಿದ್ದಳು. ಆ ಕೋಣೆ ತುಂಬಿಸಲೆಂದೇ ಬಸ್ ಕಂಡಕ್ಟರಾಗಿದ್ದ ಗಂಡ ವಾರದ ರಜೆಯಲ್ಲೂ ಡ್ಯೂಟಿಗೆ ಹೋಗುತ್ತಿದ್ದ. ಮೂರು ಗಂಟೆಗೆ ಊದಿದ ಕಾಲೆಳೆದುಕೊಂಡು ಬಂದು, ಸೋಫಾವನ್ನು ಬಾಗಿಲಿನಿಂದಲೇ ನೋಡಿ, ಹಿಂದಿನ ಕೋಣೆಯ ಚಾಪೆಯ ಮೇಲೆ ಬೀಳುತ್ತಿದ್ದ. “ನನ್ನನ್ನೂ ಬಳಸೋ ಸಾಲಿಗೇ ಸೇರಿಸಿಬಿಟ್ಟೆ ಕಣೇ!” ಎಂದು ನಗುತ್ತಿದ್ದ.

ಕೊನೆಯ ದಿನ ಮಾತ್ರ ನಗಲಿಲ್ಲ. “ಇವತ್ತೊಂದಿನ ಅಲ್ಲಿ ಮಲಗ್ಲೇನೇ?” ಎಂದ.

“ಔಷಧಿ ಚೆಲ್ಲಿದ್ರೆ ಕಲೆ ಹೋಗಲ್ಲ ರೀ. ಮೊದಲು ಹುಷಾರಾಗಿ, ಆಮೇಲೆ ರಾಜನ ಥರ ಕೂತ್ಕೊಳ್ಳೋರಂತೆ.”

ಆ ‘ಆಮೇಲೆ’ ಬರಲೇ ಇಲ್ಲ...

“ಬಾಮ್ಮಾ,” ಮಗಳು ಗೋಗರೆದಳು. “ನಮ್ದು ಒಂದೇ ಕೋಣೆ, ನಿಜ. ಆದ್ರೆ ಇರೋದನ್ನೆಲ್ಲ ಬಳಸ್ತೀವಿ. ಅಜ್ಜಿ ಯಾಕೆ ಬರಲ್ಲ ಅಂತ ಮೊಮ್ಮಗಳು ದಿನಾ ಪ್ರಾಣ ತಿಂತಾಳೆ. ಎಷ್ಟು ಸಲ ಕರೀಲಿ? ಇನ್ನು ಕರೆಯಲ್ಲ ನಾನು!”

“ಇದನ್ನೆಲ್ಲ ಬಿಟ್ಟು...”

“ಇದೇ! ಇದೇ ಅಪ್ಪನ್ನ ತಿಂದಿದ್ದು!”

ಮಗಳು ಕತ್ತರಿ ಎತ್ತಿಕೊಂಡು ಮುಂದಿನ ಕೋಣೆಗೆ ನುಗ್ಗಿದಳು. ಕವರಿನ ಅಂಚಿಗೆ ಕತ್ತರಿ ತಾಗಿತ್ತಷ್ಟೇ, ಅಮ್ಮ ಓಡಿಬಂದು ಅವಳ ಕೈ ಹಿಡಿದಳು.

“ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ!”

“ಇನ್ನೂ ಮಖಮಲ್ಲಿನ ಚಿಂತೇನಾ ನಿಂಗೆ? ಥೂ!”

“ಸುಟ್ಟುಹೋಗ್ಲಿ ಮಖಮಲ್ಲು!” ಅಮ್ಮ ಬಿಕ್ಕಿದಳು. “ಕವರ್ ತೆಗೆದ್ರೆ ಸದ್ದೇ ಆಗಲ್ವಲ್ಲೇ... ನಿಮ್ಮಪ್ಪ ಬಂದು ಕೂತಿದ್ದು ನಂಗೆ ಹೇಗೆ ಗೊತ್ತಾಗ್ಬೇಕು? ನಾನು ನಿನ್ನ ಜೊತೆ ಬಂದ್ಬಿಟ್ರೆ, ಮೂರು ಗಂಟೆಗೆ ಅವರು ಬಂದಾಗ ಮನೇಲಿ ಯಾರಿರ್ತಾರೆ?”

ಮಗಳ ಬೆರಳುಗಳು ಸಡಿಲಾದವು. ಬೈಯಲು ಬಾಯಿ ತೆರೆದವಳು ಅಮ್ಮನ ನರೆತ ತಲೆಯನ್ನು ಎದೆಗೊತ್ತಿಕೊಂಡು ಅತ್ತುಬಿಟ್ಟಳು. ಇಬ್ಬರೂ ಬಹಳ ಹೊತ್ತು ಹಾಗೆಯೇ ನಿಂತಿದ್ದರು, ಸೋಫಾದ ಮುಂದೆ, ಕೂರದೆ.

“ಇನ್ನು ಕರೆಯಲ್ಲಮ್ಮಾ,” ಎಂದಳು ಮಗಳು ಹೊರಡುವಾಗ. ಈಗ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. “ಮಗೂನ ನಾನೇ ಇಲ್ಲಿಗೆ ಕರ್ಕೊಂಡು ಬರ್ತೀನಿ.”

ಮರುದಿನ ಮೂರಕ್ಕೆ ಮತ್ತೆ ಸದ್ದಾಯಿತು. ಅಮ್ಮ ಪಾತ್ರೆ ಅಲ್ಲೇ ಬಿಟ್ಟು ಎದ್ದುಹೋಗಿ, ಸೋಫಾದ ಪಕ್ಕ ಬರಿನೆಲದ ಮೇಲೆ ಕೂತಳು. ತಲೆಯೆತ್ತಿ ನೋಡುವ ಧೈರ್ಯವಾಗಲಿಲ್ಲ.

“ಕಾಲು ಮೇಲಿಟ್ಕೊಳ್ಳಿ ರೀ,” ಎಂದಳು ಮೆಲ್ಲಗೆ. “ಪರವಾಗಿಲ್ಲ...”