ಬೋಂಗಾ ಬಿದ್ದ ಸುದ್ದಿ

ಆಗಸ್ಟ್ ಹನ್ನೊಂದು, ಬೆಳಗ್ಗೆ ಹತ್ತೂ ಇಪ್ಪತ್ತು. ಕಂಪ್ಲಿ ಠಾಣೆಗೆ ಕಿರಾಣಿ ಅಂಗಡಿಯ ಪಾಲಪ್ಪ ದೂರು ತಂದ. ಗಡಿಯ ಪಡೆಯಿಂದ ಮೂರು ವರ್ಷದ ಹಿಂದೆ ತಪ್ಪಿಸಿಕೊಂಡ ಸಿಪಾಯಿ ಯಲ್ಲೇಶ್ ಶತ್ರುದೇಶ ಸೇರಿದ್ದಾನೆ. ಅವನ ತಾಯಿ ತಾಯಕ್ಕನ ಫೋನಿಗೆ ಹೊರದೇಶದ ನಂಬರಿನಿಂದ ಮೆಸೇಜ್ ಬಂದಿದೆ ಎಂಬುದು ದೂರು.

"'ಅವ್ವ, ಕಾಲುವಿಗೆ ಬೋಂಗಾ ಬಿದ್ದೈತಿ, ನಾಟಿ ನಿಲ್ಸು.' ನೋಡ್ರಿ ಮೇಡಂ! ಏರಿ ಒಡದು ಬೋಂಗಾ ಬಿದ್ದದ್ದು ಅಲ್ಲಿ ಕುಂತೋನಿಗೆ ಹೆಂಗ ಗೊತ್ತಾತು? ಅವನ ಮಂದಿನಾ ಒಡದಾರ. ಎಫ್‌ಐಆರ್ ಹಾಕ್ರಿ."

"ಮೆಸೇಜ್ ನಿಮಗ ಹೆಂಗ ಸಿಕ್ತು?"

"ತಾಯಕ್ಕಗ ಓದಾಕ ಬರಂಗಿಲ್ರಿ. ನಾನ ಓದಿ ಹೇಳೀನಿ."

ಪಿಎಸ್‌ಐ ಸುಕನ್ಯಾ ದನಿ ಎತ್ತಿದ್ದನ್ನು ಠಾಣೆಯಲ್ಲಿ ಯಾರೂ ಕೇಳಿರಲಿಲ್ಲ. ಆದರೆ ಕೈಗೆ ಬಂದ ಕಾಗದವನ್ನು ಆಕೆ ಎರಡು ಸಲ ಓದದೆ ಬಿಡುತ್ತಿರಲಿಲ್ಲ. ಹೊರಗಿನ ಬೆಂಚಿನಲ್ಲಿ ತಾಯಕ್ಕ ಸೆರಗು ಬಾಯಿಗೆ ಒತ್ತಿ ಕುಳಿತಿದ್ದಳು. ಊರಿನ ಬಾಯಲ್ಲಿ ಆಕೆ ಈಗ ದ್ರೋಹಿಯ ತಾಯಿ.

ಮೆಸೇಜ್ ಬಂದದ್ದು ಎಂಟನೇ ತಾರೀಖು ಬೆಳಗ್ಗೆ 6.35ಕ್ಕೆ. ಏರಿ ಒಡೆದ ಸುದ್ದಿ ಊರಿಗೆ ಮುಟ್ಟಿದ್ದು ಅದೇ ದಿನ ಒಂಬತ್ತು ಗಂಟೆಗೆ. ಅಷ್ಟು ಬೇಗ ಏರಿಯ ಮೇಲಿದ್ದದ್ದು ಕಾಲುವೆ ದುರಸ್ತಿಯ ಕೂಲಿ ತಂಡವೊಂದೇ.

"ಜಂಬುನಾಥ್, ಜೀಪ್ ತೆಗೀರಿ. ಇದು ಏರಿ ಮ್ಯಾಲ ನಿಂತೋನು ಬರದದ್ದು."

ಹೆಡ್ ಕಾನ್‌ಸ್ಟೇಬಲ್ ಜಂಬುನಾಥ್ ಮಾಜಿ ಸೈನಿಕ. ಒಡೆದ ಜಾಗದಲ್ಲಿ ಎಲ್ಲರೂ ಮರಳಿನ ಚೀಲ ಎಸೆಯುತ್ತಿದ್ದರು. ಒಬ್ಬ ಮಾತ್ರ ಚೀಲದ ಬಾಯಿ ಒಳಮಡಚಿ, ಎರಡು ಚೀಲಗಳ ಸಂದಿಯ ಮೇಲೆ ಮೂರನೆಯದನ್ನಿಟ್ಟು ತಟ್ಟುತ್ತಿದ್ದ.

"ಮೇಡಂ, ಅದು ಕೂಲಿ ಕೈ ಅಲ್ರಿ, ಗಡಿಯಾಗ ಮೋರ್ಚಾ ಕಟ್ಟಿದ ಸಿಪಾಯಿ ಕೈ."

ಸುಕನ್ಯಾ ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು.

"ಹೆಸರು?"

"ಕೊಟ್ರಯ್ಯ. ಸಂಡೂರು ಕಡೆಯವ್ನು."

"ನಿಮ್ಮವ್ವ ನಾಟಿ ನಿಲ್ಸಿಲ್ಲ."

"ಯಾಕ್ರೀ? ಸಸಿ ಒಣಗ್ತಾವಲ್ರಿ!" ಎಂದವನು ನಾಲಿಗೆ ಕಚ್ಚಿಕೊಂಡ.

ಮಧ್ಯಾಹ್ನ 1.10ಕ್ಕೆ ಪಂಚನಾಮೆ ಮಾಡಿ ಯಲ್ಲೇಶನನ್ನು ಬಂಧಿಸಿದರು. ಹೊರದೇಶದ ನಂಬರಿನ ಫೋನು, ಹಂಪಿಯ ಗೆಸ್ಟ್‌ಹೌಸಿನಲ್ಲಿ ಕೆಲಸಕ್ಕಿದ್ದಾಗ ಪ್ರವಾಸಿಯೊಬ್ಬ ಬಿಟ್ಟುಕೊಟ್ಟದ್ದು. ಅದರಲ್ಲಿ ತಾಯಿಗಲ್ಲದೆ ಬೇರೆ ಯಾರಿಗೂ ಒಂದಕ್ಷರ ಹೋಗಿರಲಿಲ್ಲ.

ಪಕ್ಕದಲ್ಲಿ ಮಲಗಿದ್ದ ಗೆಳೆಯ ಹಿಮದಡಿ ಹೂತುಹೋದ ಮೇಲೆ ಯಲ್ಲೇಶನಿಗೆ ಆ ಬಂಕರಿನಲ್ಲಿ ಕಣ್ಣು ಮುಚ್ಚಲಾಗಿರಲಿಲ್ಲ. "ಅಂಜಿ ಓಡಿ ಬಂದೆ ಅನ್ನಾಕ ನಾಚಿಕಿ ಆತ್ರಿ. ಆ ಕಡಿ ಹೋಗ್ಯಾನ ಅಂತ ಮಂದಿ ಅಂದ್ರು, ಅನ್ಲಿ ಬಿಡು ಅಂತ ಸುಮ್ನಾದೆ." ಆ ಮಾತು ಅವ್ವನ ತಲೆಯ ಮೇಲೆ ಬೀಳುತ್ತದೆಂದು ಅವನು ಯೋಚಿಸಿರಲಿಲ್ಲ.

ಅವನನ್ನು ಸೇನೆಗೆ ಒಪ್ಪಿಸುವ ಪತ್ರವನ್ನು ಸುಕನ್ಯಾ ತಾಯಕ್ಕನಿಗೆ ಓದಿ ಹೇಳಿದರು: "ಕರ್ತವ್ಯ ಬಿಟ್ಟು ಪರಾರಿಯಾದದ್ದು ನಿಜ. ಗೂಢಚಾರಿಕೆಗೆ ಯಾವ ಪುರಾವೆಯೂ ಇಲ್ಲ."

ತಾಯಕ್ಕ ಎದ್ದು ಹೋಗಿ ಕಿಟಕಿ ತೆರೆದಳು. ಠಾಣೆಯ ಅಂಗಳದಲ್ಲಿ ಅರ್ಧ ಊರೇ ನಿಂತಿತ್ತು.

"ಎರಡನೇದು ಇನ್ನೊಮ್ಮೆ ಓದವ್ವ," ಎಂದಳು. "ಸ್ವಲ್ಪ ಜೋರಾಗಿ."

ಸುಕನ್ಯಾ ದನಿ ಎತ್ತಿದರು.