ಕಾಸರಕೋಡದ ಗೋದಾಮಿನಲ್ಲಿ ಸ್ಕ್ವಾಷ್

೧೯೬೨ರಲ್ಲಿ ನಾನು ಹೊನ್ನಾವರದಲ್ಲಿ ಡಾಕ್ಟರಾಗಿದ್ದೆ. ಮುಂಬಯಿಯಲ್ಲಿ ಓದುವಾಗ ಹತ್ತಿದ ಸ್ಕ್ವಾಷ್ ಆಟದ ಹುಚ್ಚು ಬಿಟ್ಟಿರಲಿಲ್ಲ. ಸಂಜೆ ದೋಣಿಯಲ್ಲಿ ಹೊಳೆ ದಾಟಿ, ಕಾಸರಕೋಡದ ಖಾಲಿ ಗೋದಾಮಿನಲ್ಲಿ ಒಬ್ಬನೇ ರ‍್ಯಾಕೆಟ್ಟಿನಿಂದ ಗೋಡೆಗೆ ಚೆಂಡು ಹೊಡೆಯುತ್ತಿದ್ದೆ. ಆಟ ಮಾತ್ರ ಸುಧಾರಿಸಿರಲಿಲ್ಲ.

ಒಂದು ಸಂಜೆ, ನನ್ನ ಕೈತಪ್ಪಿದ ಚೆಂಡು ಹಿಂದಕ್ಕೆ ಉರುಳಿಹೋಗಲಿಲ್ಲ. ಬೆನ್ನ ಹಿಂದೆ ‘ಟಪ್’ ಎಂದಿತು. ಚೆಂಡು ನನ್ನನ್ನು ದಾಟಿ ಎದುರುಗೋಡೆಗೆ ಬಡಿದು, ಎಡಗೋಡೆಯನ್ನು ಸವರಿಕೊಂಡೇ ಹಿಂತಿರುಗಿತು. ಅಂಥ ಹೊಡೆತವನ್ನು ಮುಂಬಯಿಯಲ್ಲೂ ಕಂಡಿರಲಿಲ್ಲ. ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಆದರೂ ಅಂಥ ಆಟಗಾರನನ್ನು ಬಿಟ್ಟು ಓಡಲು ಮನಸ್ಸಾಗದೆ ಮತ್ತೆ ಸರ್ವ್ ಮಾಡಿದೆ.

ಆಮೇಲೆ ದಿನವೂ ಸೋತೆ, ಸೋತು ಕಲಿತೆ. ತಪ್ಪು ಜಾಗದಲ್ಲಿ ನಿಂತರೆ ಪಕ್ಕದಲ್ಲಿ ತಣ್ಣನೆಯ ಗಾಳಿ ಸುಳಿಯುತ್ತಿತ್ತು. ಸರಿದು ನಿಂತರೆ ಚೆಂಡು ಸಿಗುತ್ತಿತ್ತು.

ಒಮ್ಮೆ ನನ್ನನ್ನು ಕರೆಯಲು ಬಂದ ಕಂಪೌಂಡರ್ ಮಾಬ್ಲೇಶ್ವರ ಬಾಗಿಲಲ್ಲೇ ನಿಂತುಬಿಟ್ಟ.

“ಡಾಕ್ಟ್ರೇ, ನೀವು ಒಬ್ರೇಯಾ? ಹೊರಗೆ ಇಬ್ರು ಓಡೂ ಸದ್ದು ಕೇಳ್ತಿತ್ತಲ್ರಾ!”

“ಎಂತದೂ ಇಲ್ಲ, ಕೂತು ನೋಡು” ಎಂದೆ. ಅವನು ಕೂರಲಿಲ್ಲ.

ಮಳೆಗಾಲಕ್ಕೆ ಮುಂಚಿನ ಕೊನೆಯ ಆಟದಲ್ಲಿ ನಾನು ಹೊಡೆದ ಚೆಂಡು ಮೂಲೆಗೆ ಬಿದ್ದು ಅಲ್ಲೇ ಉಳಿಯಿತು. ಯಾರೂ ಅದನ್ನು ತಿರುಗಿ ಹೊಡೆಯಲಿಲ್ಲ; ಮೊದಲ ಸಲ ನಾನು ಗೆದ್ದಿದ್ದೆ. ಆಟದುದ್ದಕ್ಕೂ ಬೆನ್ನ ಹಿಂದೆ ಕೇಳುತ್ತಿದ್ದ ಏದುಸಿರು ನಿಂತಿತು. ಯಾರೋ ನನ್ನ ಭುಜವನ್ನು ಮೆಲ್ಲಗೆ ತಟ್ಟಿದರು.

ಮನೆಯಲ್ಲಿ ಹೆಂಡತಿ, “ಇದೆಂತದು, ಅಂಗಿ ಮೇಲೆ ಯಾರದ್ದೋ ಕೈ ಗುರ್ತು ಇದ್ದು?” ಎಂದಳು. ಒದ್ದೆ ಅಂಗೈಯ ಆ ಗುರುತಿನ ಮೇಲೆ ನನ್ನ ಕೈಯಿಟ್ಟು ನೋಡಿದೆ. ಅದು ನನ್ನ ಕೈಗಿಂತ ದೊಡ್ಡದಾಗಿತ್ತು.