ಮೆಣಸಿನಕಾಯಿ ಚೀಲದ ಕತೆಗೆ ಒಂದು ‘ಹೂಂ’

ಒಂದೂರಿತ್ತಂತೆ. ಮೂರು ಸಲ ಸೀನಿಸದೆ ಆ ಊರಿನ ಗಾಳಿ ಯಾರನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಅಲ್ಲೊಬ್ಬಳು ಹುಡುಗಿ ತಾನು ಬರೆಯುತ್ತಿದ್ದ ಕತೆಯನ್ನು ಮೆಣಸಿನಕಾಯಿ ಚೀಲದಲ್ಲಿ ಬಚ್ಚಿಡುತ್ತಿದ್ದಳಂತೆ. ಕಳ್ಳ ಕೂಡ ಅದರೊಳಗೆ ಕೈ ಹಾಕಲಾರ ಅಂತ ಅವಳ ಅಜ್ಜಿ ಹೇಳಿಕೊಟ್ಟ ಉಪಾಯವದು!

ಊರು ಬ್ಯಾಡಗಿ. ಹುಡುಗಿ ಪುಷ್ಪಾವತಿ, ಕೋಲ್ಡ್ ಸ್ಟೋರೇಜಿನಲ್ಲಿ ಚೀಲಗಳಿಗೆ ಚೀಟಿ ಬರೆಯುವವಳು.

"ನಿಲ್ಲಸ್ರೀ! ಆ ಚೀಲ ಹೊಲೀಬ್ಯಾಡ್ರಿ!"

ಅವಳು ಓಡಿ ಬಂದಾಗ ಚೀಲ ಹೊಲಿಯುವ ಮಷೀನು ಗರ್ ಎನ್ನುತ್ತಿತ್ತು. ಅದನ್ನು ಹಿಡಿದವನು ಹೊಸಬ. ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಟವೆಲ್ ಸುತ್ತಿದ್ದ. ಆ ಕಣ್ಣುಗಳು ನಗುತ್ತಿದ್ದವು...

"ಯಾಕ್ರಿ, ಒಳಗ ಬಂಗಾರ ಐತೇನು?"

"ಅದಕ್ಕಿಂತ ಹೆಚ್ಚಿಂದು!"

ಭುಜದವರೆಗೂ ಕೈ ತೂರಿಸಿ ಅವಳು ಹಾಳೆಗಳ ಕಟ್ಟನ್ನು ಎಳೆದಳು. ಇನ್ನೊಂದು ನಿಮಿಷ ತಡವಾಗಿದ್ದರೆ ಚೀಲ ಥಂಡಿ ಕೋಣೆ ಸೇರಿ, ಅವಳ ಕತೆಯ ರಾಜಕುಮಾರಿ ವರ್ಷವಿಡೀ ಅಲ್ಲೇ ನಡುಗುತ್ತಿದ್ದಳು!

ಸೀನು ಬಂತು. ಒಂದು, ಎರಡು, ಮೂರು! ಹಾಳೆಗಳು ಹಾರಿದವು. ಕಾಲ ಬಳಿ ಬಿದ್ದದ್ದನ್ನು ಅವನು ಎತ್ತಿಕೊಂಡ. ಓದಿದ. ಪೂರ್ತಿ ಓದಿದ.

"ಹೂಂ... ಮುಂದ?"

ಪುಷ್ಪಾವತಿ ಉಳಿದ ಹಾಳೆ ಹೆಕ್ಕುವುದನ್ನೇ ಮರೆತಳು.

ಹೂಂ! ಅವಳ ಊರಾದ ಕರ್ಜಗಿಯ ಮನೆಯಲ್ಲಿ ಅಜ್ಜಿ ಚೌಡವ್ವನ ಕಟ್ಟಳೆಯೇ ಅದು. ಕೇಳುವವರು ಹೂಂ ಅನ್ನಬೇಕು. ಹೂಂ ನಿಂತರೆ ಕತೆಯೂ ನಿಂತಿತು. ಚಿಕ್ಕವಳಿದ್ದಾಗ ಪುಷ್ಪಾ ಪ್ರತಿ ಸಲ ನಡುವೆಯೇ ನಿದ್ದೆ ಹೋಗುತ್ತಿದ್ದಳು. ನೆರಳು ಕಳೆದುಕೊಂಡ ರಾಜಕುಮಾರಿ ಹೊಳೆಯ ದಂಡೆಗೆ ಬರುವಷ್ಟರಲ್ಲಿ...

"ನಿನ್ನಿಂದ ಆಕಿ ಇಪ್ಪತ್ತ ವರ್ಷ ಆತು, ದಂಡಿಮ್ಯಾಲ ನಿಂತಾಳ!" ಅಂದಿದ್ದಳು ಅಜ್ಜಿ ಈ ಸಂಕ್ರಾಂತಿಗೆ. "ಕಡೀಕ ಏನಾತಂತ ನನಗೂ ಮರತ ಹೋಗೇತಿ. ನೀನ ದಾಟಸು."

"ಯುಗಾದಿಗೆ ಪೂರ್ತಿ ಬರದು ಓದಿ ಹೇಳ್ತೇನಿ, ಅಜ್ಜಿ. ಖರೇ!"

ಮಾತು ಕೊಟ್ಟದ್ದೇನೋ ಸುಲಭ. ಎರಡನೇ ವಾರಕ್ಕೇ ಅಳು ಬಂದಿತ್ತು. ಆಗ ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಒಂದೇ ಮಾತು ಹೇಳಿದ್ದಳು. "ರಾಶಿ ನೋಡಬ್ಯಾಡ, ಹುಚ್ಚಿ. ಕೈಯಾಗಿನ ಕಾಯಿ ನೋಡು."

ಅಂದಿನಿಂದ ದಿನಕ್ಕೊಂದೇ ಪುಟ. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಹಾವೇರಿ ಬಸ್ಸಿನಲ್ಲಿ ಯೋಚನೆ, ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಬರಹ. ಈಗ ಇನ್ನೊಂದು ಸೇರಿತು. ಪುಟ ಮಾಂತೇಶನ ಕೈಗೆ ಹೋಗುತ್ತಿತ್ತು. ಅದೇ ಹೊಸಬನ ಹೆಸರದು! ಸಂಜೆ ಮರಳುವಾಗ ಅಂಚಿನಲ್ಲಿ, ಚೀಲದ ಮೇಲೆ ನಂಬರು ಬರೆಯುವ ನೀಲಿ ಶಾಯಿಯಲ್ಲಿ, ಒಂದು ಹೂಂ ಇರುತ್ತಿತ್ತು.

ಒಮ್ಮೆ ಹೂಂ ಜೊತೆ ಒಂದು ಸಾಲೂ ಇತ್ತು. "ಮೂರ ಪುಟದಿಂದ ರಾಜಕುಮಾರಿ ಉಂಡೇ ಇಲ್ಲರಿ."

ನಗು ತಡೆಯಲಾಗದೆ ಅವಳು ಮರುದಿನ ರಾಜಕುಮಾರಿಗೆ ರೊಟ್ಟಿ, ಕೆಂಪು ಖಾರ ಬಡಿಸಿದಳು.

"ದಿನಾ ಕಾಗದ ಕೊಡ್ತೀರಿ, ತಗೋತೀರಿ... ಪೋಸ್ಟಾಫೀಸ್ ತಗದೀರೇನವಾ?" ಜೊತೆಗೆ ಕೆಲಸ ಮಾಡುವ ರಮಜಾನಬಿ ಕಣ್ಣು ಮಿಟುಕಿಸಿದಳು.

"ಹೋಗ್ ಚಾಚಿ, ಬರೇ ಕತಿ ಅದು!"

ಬರೇ ಕತೆಯೇ? ಸಂಜೆ ಆ ನೀಲಿ ಅಕ್ಷರ ನೋಡುವ ತನಕ ಜೀವ ಯಾಕೆ ನಿಲ್ಲುತ್ತಿರಲಿಲ್ಲ?

ಅರವತ್ತೆಂಟನೇ ಪುಟ. ರಾಜಕುಮಾರಿ ದಂಡೆಗೆ ಬಂದಳು. ದೂರದಲ್ಲಿ ದೋಣಿ ಕಂಡಿತು.

ಆ ಸಂಜೆ ಪುಟ ಖಾಲಿ ಅಂಚಿನೊಂದಿಗೆ ಮರಳಿತು.

ಮರೆತಿರಬೇಕು ಅಂದುಕೊಂಡಳು. ಮರುದಿನ ಅದೇ ಪುಟವನ್ನು ಮತ್ತೆ ಕೊಟ್ಟಳು. ಮತ್ತೆ ಖಾಲಿ. ಮೂರನೆಯ ದಿನ ಅವನು ತಲೆಯನ್ನೇ ಎತ್ತಲಿಲ್ಲ.

'ಬ್ಯಾಸರಾಗೇತಿ ಅವಗ. ನಡಕ ಮಲಗಿಬಿಟ್ಟಾನ... ನನ್ನಂಗ!'

ಅವಳ ಪೆನ್ನು ನಿಂತಿತು. ಆರು ದಿನ. ಯುಗಾದಿಗೆ ಮೂರೇ ದಿನ ಉಳಿದಿತ್ತು. ಮನೆಯಲ್ಲಿ ಅಜ್ಜಿ ಯುಗಾದಿಗೆ ದಿನ ಎಣಿಸುತ್ತಿದ್ದಳು. ಅದು ಚುಚ್ಚಿತು.

"ಇಬ್ಬರೂ ಮುಖ ಒಣಗಿಸ್ಕೊಂಡು ತಿರಗಾಕತ್ತೀರಿ," ಎಂದು ರಮಜಾನಬಿ ಗದರಿದಳು. "ಇಲ್ಲಿ ಮೆಣಸಿನಕಾಯಿ ಒಣಗಿದ್ದು ಸಾಲದೇನು? ಹೋಗಿ ಕೇಳು!"

ಅವಳು ಹೋದಳು.

"ಕತಿ ಸೇರಲಿಲ್ಲಂದ್ರ ಹಂಗ ಹೇಳಬೇಕಿತ್ರಿ!"

ಮಾಂತೇಶ ಮಷೀನು ನಿಲ್ಲಿಸಿದ. "ಸೇರೇತಿ."

"ಮತ್ತ ಹೂಂ ಯಾಕ ಬರೀಲಿಲ್ಲ?"

ಅವನು ಟವೆಲ್ ಬಿಚ್ಚಿದ. ಮುಖ ಸಣ್ಣದಾಗಿತ್ತು.

"ಹೂಂ ಅಂದ್ರ ಆಕಿ ದೋಣಿ ಹತ್ತತಾಳ. ಹೊಳಿ ದಾಟತಾಳ. ಕತಿ ಮುಗೀತೈತಿ... ಆಮ್ಯಾಲ ಹೂಂ ಅನ್ನಾಂವ ನಿಮಗ ಯಾಕ ಬೇಕ್ರಿ?"

ಪುಷ್ಪಾವತಿಯ ಕಣ್ಣು ತುಂಬಿತು. ಮೆಣಸಿನ ಘಾಟಿನಿಂದಂತೂ ಅಲ್ಲ!

"ಹುಚ್ಚ ಅದೀರಿ ನೀವು! ಇಪ್ಪತ್ತ ವರ್ಷ ನಿಂತಾಕಿನ್ನ ಇನ್ನೂ ನಿಂದ್ರಸ್ತೀರೇನು? ಅಜ್ಜಿಗೆ ಮಾತ ಕೊಟ್ಟೇನ್ರಿ ನಾ!"

"ತಪ್ಪಾತು." ಅವನು ತಡೆದು ತಡೆದು ಮುಂದುವರಿಸಿದ. "ಒಬ್ಬ ಚೀಲ ಹೊಲಿಯಾಂವ ಇದ್ದ... ಒಂದಿನ ಒಂದ ಚೀಲದಾಗ ಆಂವನ ಜೀವಾನೂ ಬಿತ್ತು. ಒಬ್ಬಾಕಿ ಓಡಿ ಬಂದು ತನ್ನ ಹಾಳಿ ತಗೊಂಡ್ಲು. ಆಂವನ ಜೀವಾನೂ ಅದರ ಜೋಡಿನ ಹೋತು..."

ಮಾತು ನಿಲ್ಲಿಸಿ ಅವಳನ್ನೇ ನೋಡಿದ. ಕಾಯುತ್ತಿದ್ದ.

"ಹೂಂ," ಅಂದಳು ಪುಷ್ಪಾವತಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

"ಮುಂದಿಂದು ಗೊತ್ತಿಲ್ರಿ."

"ನನಗ ಗೊತ್ತೈತಿ! ಆದ್ರ ಮೊದಲು ಆಕಿ ದಾಟ್ಲಿ."

ಮೂರು ದಿನ. ಅವಸರವಿಲ್ಲದ ಮೂರು ಪುಟ.

ಯುಗಾದಿಯ ದಿನ ಬೇವು-ಬೆಲ್ಲ ತಿಂದ ಬಾಯಲ್ಲೇ ಅವಳು ಅಜ್ಜಿಗೆ ಓದಿ ಹೇಳಿದಳು. ರಾಜಕುಮಾರಿ ಹೊಳೆ ದಾಟಿದಳು. ಕಳೆದುಹೋದ ನೆರಳು ಆಚೆ ದಂಡೆಯಲ್ಲೇ ಕುಳಿತು ಅವಳ ಹಾದಿ ಕಾಯುತ್ತಿತ್ತು!

"ಹೂಂ," ಅಂದಳು ಚೌಡವ್ವ, ಕಣ್ಣೊರೆಸಿಕೊಂಡು. "ದಾಟಿದ್ಲು ನನ್ನ ಮಗಳು." ಆಮೇಲೆ ಪಡಸಾಲೆಯತ್ತ ಗಲ್ಲ ತೋರಿಸಿದಳು. ಅಲ್ಲಿ, ಪುಷ್ಪಾ ಹಬ್ಬಕ್ಕೆ ಕರೆದಿದ್ದ ಮಾಂತೇಶ ದಬ್ಬಣ ಹಿಡಿದು, ಚೀಲ ಹೊಲಿಯುವ ದಾರದಿಂದ ಎಪ್ಪತ್ತು ಹಾಳೆಗಳನ್ನು ಒಂದಾಗಿಸುತ್ತಿದ್ದ. ಎಪ್ಪತ್ತೊಂದನೆಯದಕ್ಕೆ ಕಾಯುತ್ತಿದ್ದ. "ಈ ಹುಡುಗ ಯಾರಬೇ?"

"ಹೂಂ ಅನ್ನಾಂವ, ಅಜ್ಜಿ."

"ಕಡೀತನಕ ಎಚ್ಚರ ಇದ್ನೇನು?"

"ಇದ್ದ."

"ಹಂಗಾರ ಬಿಡಬ್ಯಾಡ!"

ನಾಚಿಕೆಯಿಂದ ಎದ್ದು ಬಂದ ಪುಷ್ಪಾ ಕೊನೆಯ ಹಾಳೆಯನ್ನು ಅವನ ಕೈಗಿಟ್ಟಳು.

"ಇದು ಮೊದಲ್ನೇ ಕರಡು ಅಷ್ಟರಿ. ತಿದ್ದೂದು ಇನ್ನೂ ಭಾಳ ಐತಿ... ಇರ್ತೀರೇನು?"

ಮಾಂತೇಶ ಕೊನೆಯ ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದ.

"ಹೂಂ."